ಚರಂಡಿಯ ದೂರು

ನಮ್ಮ ಬೀದಿಯ ಹೊಂಗೆಮರದ ಬುಡದಲ್ಲಿ ಎರಡು ಚಪ್ಪಡಿಗಳು ಹಂಚಿನ ಮಾಡಿನ ಹಾಗೆ ಒಂದಕ್ಕೊಂದು ತಲೆ ತಾಗಿಸಿ ಎದ್ದು ನಿಂತಿವೆ. ಮೊನ್ನೆ ಅಲ್ಲೇ ನಿಂತು ಪಕ್ಕದ ಮನೆಯ ಮೇಷ್ಟ್ರು ಹೇಳಿದರು: “ಮರ ಬೇಡ ಅಂದೋರು ಯಾರು ಸ್ವಾಮಿ? ಇದನ್ನ ತೆಗೆಸಿ ಇನ್ನೊಂದು ಹಾಕಿದರಾಯ್ತು.” ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇದೇ ಮಾತು, ಸುಟ್ಟುಹೋದ ಬಲ್ಬಿನ ಬಗ್ಗೆ ಆಡಿದಷ್ಟು ಸಲೀಸಾಗಿ. ನನ್ನ ತಕರಾರು ಇರುವುದು ಆ ‘ಆಯ್ತು’ ಎಂಬುದರ ಮೇಲೆ. ಆಗುವುದಿಲ್ಲ.

ಮೊದಲು ಆರೋಪವನ್ನೇ ನೋಡೋಣ. ಬೇರು ಚರಂಡಿ ಒಡೆಯುತ್ತದಂತೆ. ಬೇರಿಗೆ ಹಲ್ಲಿಲ್ಲ, ನೀರು, ಗಾಳಿ ಎರಡೂ ಸಿಕ್ಕ ಕಡೆ ಅದು ಬೆಳೆಯುತ್ತದೆ, ಅಷ್ಟೆ. ಕೊಳವೆಯ ಜೋಡಣೆ ಬಿಗಿಯಾಗಿದ್ದರೆ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಜೋಡಣೆ ಜಿನುಗುತ್ತಿದ್ದರೆ ಕೂದಲೆಳೆಯಂಥ ಬೇರೊಂದು ಒಳಗಿಳಿದು ಜಡೆಯಾಗಿ ಹಬ್ಬುತ್ತದೆ. ಸೋರಿಕೆ ಮೊದಲು, ಬೇರು ಆಮೇಲೆ. ಚಪ್ಪಡಿಯದೂ ಇದೇ ಕತೆ. ರೋಲರ್ ಹೊಡೆದು ಗಟ್ಟಿಯಾದ ಮಣ್ಣಿಗೆ ಬೇರು ಇಳಿಯಲಾರದು. ಕಲ್ಲಿನ ಅಡಿಗೆ ಸುರಿದ ಜಲ್ಲಿಪುಡಿಯಲ್ಲಿ ತಂಪಿದೆ, ಉಸಿರಾಡಲು ಸಂದಿಯಿದೆ. ಅಲ್ಲೇ ಹರಿದು, ವರ್ಷದಿಂದ ವರ್ಷಕ್ಕೆ ದಪ್ಪಗಾಗಿ, ಮೇಲಿನ ಕಲ್ಲನ್ನು ಎತ್ತುತ್ತದೆ.

ನಮ್ಮಲ್ಲಿ ಫುಟ್‌ಪಾತ್ ಎಂದರೆ ಬಹಳ ಕಡೆ ಚರಂಡಿಯ ಮುಚ್ಚಳ. ಅದನ್ನು ರಿಪೇರಿ ಮಾಡುವ ಕ್ರಮವೂ ಗೊತ್ತಿರುವುದೇ. ಜೆಸಿಬಿ ಬರುತ್ತದೆ, ಮರದ ಒಂದು ಮಗ್ಗುಲಿನ ಬೇರುಗಳನ್ನು ಕಚಕ್ಕನೆ ಕತ್ತರಿಸುತ್ತದೆ, ಅಲ್ಲಿ ಕಾಂಕ್ರೀಟ್ ಗೋಡೆ ಏಳುತ್ತದೆ, ಬೊಡ್ಡೆಯ ತನಕ ಟೈಲ್ಸ್ ಕೂರುತ್ತದೆ. ಮುಂದಿನ ಏಪ್ರಿಲ್‌ನ ಗಾಳಿಮಳೆಗೆ ಮರ ಬೀಳುತ್ತದೆ. ಪತ್ರಿಕೆಯವರು ‘ಮರ ಧರೆಗುರುಳಿತು’ ಎಂದು ಬರೆಯುತ್ತಾರೆ, ತಾನಾಗಿಯೇ ಉರುಳಿತೇನೋ ಎಂಬಂತೆ. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯವರಿಗೆ ಹೇಳಿತ್ತು. ನಮ್ಮ ಬೀದಿಗಳಲ್ಲಿ ಒಂದು ಗೇಣು ಪಾತಿ ಕಂಡರೆ ಹೆಚ್ಚು.

ಎಲೆ ಉದುರುತ್ತದೆ, ಹಕ್ಕಿ ಕಾರಿನ ಮೇಲೆ ಹಿಕ್ಕೆ ಹಾಕುತ್ತದೆ ಎನ್ನುವವರ ಜೊತೆ ನನಗೆ ವಾದವಿಲ್ಲ. ಆದರೆ ನಮ್ಮ ಸೋದರತ್ತೆ ಇಂಥದೇ ಚಪ್ಪಡಿಗೆ ಎಡವಿ ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳು ಮಲಗಿದ್ದರು. ಅವರೆದುರು ನಿಂತು ಹೊಂಗೆಯ ನೆರಳಿನ ಗುಣಗಾನ ಮಾಡುವ ಧೈರ್ಯ ನನಗಿಲ್ಲ. ಗಾಲಿಕುರ್ಚಿಯವರು, ಕಣ್ಣು ಕಾಣದವರು ರಸ್ತೆಗಿಳಿದು ಬಸ್ಸಿನ ಪಕ್ಕದಲ್ಲಿ ಸಾಗಬೇಕೆಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಅರ್ಥವೇನು? ಒಳಗೆ ಟೊಳ್ಳಾದ ಮರವನ್ನು, ಗಾಳಿಗೆ ಲಟಕ್ಕನೆ ಕೊಂಬೆ ಬೀಳಿಸುವ ಮುದಿ ಗುಲ್‌ಮೊಹರನ್ನು ತೆಗೆಯಲೇಬೇಕು. ಇದನ್ನು ಒಪ್ಪದ ವೃಕ್ಷಪ್ರೇಮ ಬರೀ ಹಟ.

ಆದರೆ ‘ಹಾನಿ ಮಾಡುತ್ತದೆ’ ಎಂಬ ಕಾರಣ ಒಮ್ಮೆ ಗುತ್ತಿಗೆಯ ಕಾಗದಕ್ಕೆ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ಇದೆ. ಅಲ್ಲಿನ ನಗರಸಭೆ 2012ರಲ್ಲಿ ರಸ್ತೆಗಳ ದುರಸ್ತಿಯನ್ನು 25 ವರ್ಷಕ್ಕೆ ಖಾಸಗಿ ಕಂಪನಿಗೆ ವಹಿಸಿತು. ಬೀದಿಮರಗಳಲ್ಲಿ ಸುಮಾರು ಅರ್ಧದಷ್ಟನ್ನು, ಅಂದರೆ 17,500 ಮರಗಳನ್ನು, ಬದಲಿಸುವ ಲೆಕ್ಕ ಆ ಒಪ್ಪಂದದಲ್ಲೇ ಇತ್ತು. ಸತ್ತ ಮರ, ರೋಗದ ಮರಗಳ ಜೊತೆ ಕಲ್ಲು ಎತ್ತಿದ ಮರವೂ ಪಟ್ಟಿ ಸೇರಿತು. 2016ರ ನವೆಂಬರಿನಲ್ಲಿ ಒಂದು ಬೀದಿಯ ಜನರನ್ನು ನಸುಕಿನ ಐದು ಗಂಟೆಗೆ ಬಾಗಿಲು ಬಡಿದು ಎಬ್ಬಿಸಿ, ಕಾರು ತೆಗೆಸಿ, ಕತ್ತಲಲ್ಲೇ ಗರಗಸ ಹಚ್ಚಿದರು. ಅಡ್ಡ ನಿಂತ ಎಪ್ಪತ್ತು ದಾಟಿದ ಇಬ್ಬರು ಹೆಂಗಸರನ್ನು ಪೊಲೀಸರು ಬಂಧಿಸಿ ಕರೆದೊಯ್ದರು. 2018ರಲ್ಲಿ ಕೆಲಸ ನಿಲ್ಲುವಷ್ಟರಲ್ಲಿ ಐದು ಸಾವಿರಕ್ಕೂ ಹೆಚ್ಚು ಮರ ಹೋಗಿದ್ದವು. ಆಮೇಲೆ ಉಳಿದವನ್ನು ಜನರ ಜೊತೆ ಕೂತು ಒಂದೊಂದಾಗಿ ನೋಡಿದಾಗ ಅನೇಕವನ್ನು ಉಳಿಸಿಕೊಳ್ಳಬಹುದೆಂದು ತಿಳಿಯಿತು. ಅಂಚುಗಲ್ಲನ್ನು ತೆಳುವಾಗಿ ಕೊರೆದು ಕೂರಿಸುವುದು, ಬೇರಿನ ಮೇಲೆ ಡಾಂಬರನ್ನು ಇಳಿಜಾರಾಗಿ ಹಾಸುವುದು, ಇಂಥ ಸಣ್ಣ ಕೆಲಸ ಸಾಕಿತ್ತು. 2023ರಲ್ಲಿ ವಿಚಾರಣಾ ವರದಿ ಬಂದು ನಗರಸಭೆ ಕ್ಷಮೆ ಕೇಳಿತು. ಕೊರೆಯಬಹುದಾದ ಕಲ್ಲಿಗಾಗಿ ಕಡಿದ ಮರಗಳಿಗೆ ಆ ಕ್ಷಮೆ ತಲುಪಿತೇ?

ಇನ್ನು ‘ಇನ್ನೊಂದು ಹಾಕುವ’ ಮಾತು. ಒಂದಕ್ಕೆ ಹತ್ತು ಸಸಿ ಎನ್ನುವಾಗ ಎಂಥ ಧಾರಾಳ! ಹತ್ತು ಸಸಿಗಳ ನೆರಳು ಸೇರಿಸಿದರೂ ಒಂದು ಸ್ಕೂಟರ್ ನಿಲ್ಲಿಸಲಾಗದು. ಅವೂ ಎಲ್ಲಿ? ‘ಬೇರೆ ಸೂಕ್ತ ಜಾಗ’ದಲ್ಲಿ ನೆಡಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೇ ದಾರಿ ಬಿಟ್ಟಿದೆ. ಆ ಸೂಕ್ತ ಜಾಗ ಊರಾಚೆ ಇದ್ದರೆ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಬೀದಿಯಲ್ಲಿ ತಳ್ಳುಗಾಡಿ ನಿಲ್ಲಿಸುವ ಸೊಪ್ಪಿನವಳಿಗೆ ಬಂದ ಭಾಗ್ಯವೇನು? 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಈ ಊರಿಗೆ 15 ಲಕ್ಷ ಸಸಿ ಬಂದವು. ಅವುಗಳಲ್ಲಿ ಉಳಿದವು ನಾಲ್ಕು ದಶಕ ತಿಂದು ಈಗಷ್ಟೇ ಮರ ಅನ್ನಿಸಿಕೊಂಡಿವೆ. ಅದೇ ಹೊತ್ತಿಗೆ ಅವು ಫುಟ್‌ಪಾತಿಗೆ ಅಡ್ಡಿ ಅನ್ನಿಸಿಕೊಂಡಿವೆ. ಕಡಿಯಲೇಬೇಕಾದ ಮರವಿದ್ದರೆ ಕಡಿಯಿರಿ. ಆದರೆ ಅದೇ ಬೀದಿಯಲ್ಲಿ, ಸಾಧ್ಯವಾದರೆ ಅದೇ ಗುಂಡಿಯಲ್ಲಿ, ಅಗಲವಾದ ಪಾತಿ ಬಿಟ್ಟು ಇನ್ನೊಂದನ್ನು ನೆಟ್ಟು, ಅದು ತಲೆಗೆ ನೆರಳು ಕೊಡುವ ತನಕ ಲೆಕ್ಕದ ಪುಸ್ತಕ ಮುಚ್ಚಬೇಡಿ.

ಮೇಷ್ಟ್ರ ಮಾತು ಕೇಳಿದ ಮೇಲೆ ಪರಿಚಯದ ಕಲ್ಲುಕೆಲಸದವನನ್ನು ಕರೆದು ಆ ಎರಡು ಚಪ್ಪಡಿ ತೋರಿಸಿದೆ. ಕುಕ್ಕರುಗಾಲಲ್ಲಿ ಕೂತು ಅಡಿಗೆ ಕೈ ಹಾಕಿ ನೋಡಿದ. ಎರಡನ್ನೂ ಎತ್ತಿ, ಮೂಲೆ ಕೊರೆದು, ಬೇರಿನ ಮೇಲೆ ಮಣ್ಣು ಏರಿಸಿ ಇಳಿಜಾರು ಮಾಡಿದರೆ ಅರ್ಧ ದಿನದ ಕೆಲಸ ಅಂದ. ಹಾಗಾದರೆ ನಾಳೆಯೇ ಬಾ ಅಂದೆ. ಕೈ ಒರೆಸಿಕೊಂಡು ಎದ್ದ. “ಪಾಲಿಕೆ ಕಲ್ಲು ಸಾರ್, ನಾನು ಮುಟ್ಟಂಗಿಲ್ಲ. ಮರ ಕಡಿಸೋದಾದ್ರೆ ಹೇಳಿ, ಅದಕ್ಕೆ ಅರ್ಜಿ ಹಾಕೋರು ಗೊತ್ತವ್ರೆ.”