ಅಂಗಳ ತುಂಬ ಫರಸಿ ಹಾಕಿ, ಗಿಡಾ ಹಚ್ಚೋದು ಎಲ್ಲೆರಿ?

ಹೋದ ವಾರ ನಮ್ಮನಿಗೆ ಪೇವರ್ಸ್ ಹಾಕಾಂವ ಬಂದಿದ್ದ. ಟೇಪ್ ಹಿಡಕೊಂಡು ಗೇಟಿನಿಂದ ಹಿತ್ತಲತನಕ ಅಳದ. ನಾ ಚಹಾ ತಗೊಂಡು ಹೊರಗ ಬರೋದ್ರಾಗ ಪಾರಿಜಾತದ ಬುಡಕ್ಕ ನಿಂತಿದ್ದ. "ಅಕ್ಕಾರ, ಇದೊಂದ ತಗದ್ರ ಕಾರು ಸರಳ ಒಳಗ ಬರ್ತದ ನೋಡ್ರಿ. ತಗಿಯೋದು ಬ್ಯಾಡ ಅಂದ್ರ ಬುಡಕ್ಕ ಒಂದ ಪುಟ್ಟಿಯಷ್ಟು ಜಾಗಾ ಬಿಟ್ಟು ಸುತ್ತಲ ಹಾಕ್ತೀನಿ" ಅಂದ. ಅಂದ್ರ ಒಂದೋ ಇವತ್ತ ಕೊಲ್ಲೋದು, ಇಲ್ಲಾ ನಾಕ ವರ್ಷ ಉಸರ ಕಟ್ಟಿ ಕೊಲ್ಲೋದು. ಬೇರಿಗೂ ನೀರು ಬೇಕು, ಗಾಳಿ ಬೇಕು ಅನ್ನೋದು ಅವಂಗ ಗೊತ್ತಿಲ್ಲ ಅಂತಲ್ಲ. ಅವನ ದಂಧೆ ಚದರ ಫೂಟಿನ ಲೆಕ್ಕದ್ದು.

ಆ ಪಾರಿಜಾತ ನಮ್ಮ ಅತ್ತಿಯವರು ಹಚ್ಚಿದ್ದು. ಚಾತುರ್ಮಾಸದಾಗ ಲಕ್ಷ ಹೂವು ಏರಸ್ತೀನಿ ಅಂತ ದಿನಾ ನಸಕಿನ್ಯಾಗ ಎದ್ದು ಬುಟ್ಟಿ ಹಿಡಕೊಂಡು ಆರಸ್ತಿದ್ರು. ಕೆಳಗ ಬಿದ್ದ ಹೂವು ದೇವರಿಗೆ ಆಗ್ತದ ಅನ್ನೋ ಗಿಡ ಇದೊಂದ.

ಪೇವರ್ಸಿನಾಂವನ್ನ ಕರಸಿದ್ದು ಯಾರು ಅಂದ್ರ ನನ್ನ ಮಗನ. ಫೋನಿನ್ಯಾಗ ಅಂದ, "ಅಮ್ಮಾ, ಮೊಣಕಾಲ ನೋವು ಇಟ್ಟಕೊಂಡು ಎಷ್ಟಂತ ಕಸಾ ಹುಡುಗ್ತಿ? ಎಲ್ಲಾ ಕಡೆ ಹಾಕಿಸಿಬಿಡು. ನಿನಗ ಹತ್ತ ಪಾಟ್ ತಂದ ಕೊಡ್ತೀನಿ." ಪಾಪ, ನನ್ನ ಕಾಳಜೀಲೆನ ಅಂದದ್ದು. ಆದ್ರ ಇದ ಮಾತು ನಮ್ಮ ಓಣ್ಯಾಗ ಮನಿಮನಿಗೆ ಕೇಳ್ಲಿಕ್ಕತ್ತೇನಿ. ಅದಕ್ಕ ಇವತ್ತ ಎಲ್ಲಾರಿಗೂ ಕೂಡೇ ಉತ್ತರಾ ಬರೀತೀನಿ.

ಮೊದಲನೇದು ಕಸ. ಗಿಡದ ಎಲಿ ಉದರ್ತದ, ಖರೇ. ಅದನ್ನ ಹುಡುಗಿ ಪ್ಲ್ಯಾಸ್ಟಿಕ್ ಚೀಲದಾಗ ತುಂಬಿ ಕಸದ ಗಾಡಿಗೆ ಕೊಡು ಅಂತ ಯಾರು ಹೇಳ್ಯಾರ? ಮೂಲ್ಯಾಗ ಒಂದು ತೆಗ್ಗು ತಗದು ಎಲಿ, ಕಾಯಿಪಲ್ಯದ ಸಿಪ್ಪಿ ಹಾಕ್ರಿ, ಮ್ಯಾಲೆ ಒಂದೀಟು ಮಣ್ಣು, ಸಗಣಿ ನೀರು. ಮೂರು ನಾಕು ತಿಂಗಳಿಗೆ ಕರೇ ಗೊಬ್ಬರ. ಉಳದದ್ದನ್ನ ಗಿಡದ ಬುಡಕ್ಕ ಹಾಸ್ರಿ, ಬ್ಯಾಸಗಿಯೊಳಗ ಮಣ್ಣಿನ ಹಸಿ ಲಗೂ ಆರೋದಿಲ್ಲ. ಇನ್ನ ಫರಸಿ ಹಾಕಿಸಿದವರ ಮನ್ಯಾಗ ಕಸಾ ತಪ್ಪೇದ ಏನು? ಧೂಳು ಕೂಡತದ, ದಿನಾ ಪೈಪ್ ಹಿಡಿದು ತೊಳೀತಾರ. ಆ ನೀರಿನ್ಯಾಗ ನನ್ನ ಇಪ್ಪತ್ತು ಗಿಡಾ ಬದುಕ್ತಾವ.

ಎರಡನೇದು ಹುಳಾ. "ವೈನಿ, ದಾಸವಾಳಕ್ಕ ಬಿಳೇ ಹುಳಾ ಹತ್ತೇದ, ಕಡಸಿಬಿಟ್ವಿ" ಅಂತ ಎದರಿನವರು ಅಂದಾಗ ಹೊಟ್ಟಿ ಉರೀತು. ಆ ಹಿಟ್ಟಿನಂಥಾ ಹುಳಾ ಪೈಪಿನ ನೀರು ಜೋರ ಬಿಟ್ರ ಅರ್ಧಾ ಹೋಗ್ತಾವ. ಉಳದದ್ದಕ್ಕ ಒಂದು ಲೀಟರ ನೀರಿಗೆ ಒಂದು ಚಮಚ ಬೇವಿನ ಎಣ್ಣಿ, ನಾಕು ಹನಿ ಸಾಬೂನಿನ ನೀರು ಕೂಡಿಸಿ, ಬಿಸಲು ಇಳದ ಮ್ಯಾಲೆ ಎಲಿ ಕೆಳಗೂ ಹೊಡೀರಿ. ವಾರಕ್ಕೊಮ್ಮೆ, ಮೂರು ನಾಕು ಸಲ. ಇರಿವಿ ಸಾಲು ಹತ್ಯಾವೇನು ಅದನ್ನೂ ನೋಡ್ರಿ. ಆ ಹುಳದ ಸವಿ ನೀರಿಗೆ ಇರಿವಿ ಬರ್ತಾವ, ಹುಳಾನ್ನ ಕಾಯ್ತಾವ. ಇನ್ನ ಎಲಿ ತಿನ್ನೋ ಹುಳಾ ಕಂಡ್ರ ಸ್ವಲ್ಪ ತಡೀರಿ. ನಿಂಬಿ, ಕರಿಬೇವಿನ ಗಿಡದಾಗಿನ ಹಸರ ಹುಳಾ, ಕಣಗಲದ ಎಲ್ಯಾಗಿನ ಕೋಡಿನ ಹುಳಾ ಪಾತರಗಿತ್ತಿ ಆಗೂವಂಥಾವು. ಪಾತರಗಿತ್ತಿ ಫೋಟೋ ಸ್ಟೇಟಸ್‌ಗೆ ಬೇಕು, ಅದರ ಮಕ್ಕಳು ಮನಿಗೆ ಬ್ಯಾಡ ಅಂದ್ರ ಹೆಂಗ?

ಮೂರನೇದು ನೀರು. ನಮ್ಮ ಕಡೆ ನಳದ ನೀರಿಗೆ ದಾರಿ ಕಾಯೋದು ಯಾರಿಗೆ ಗೊತ್ತಿಲ್ಲ? ಹಂಗಂತ ಮುಗಲಿನಿಂದ ಪುಕ್ಕಟೆ ಬಂದ ನೀರನ್ನ ಅಂಗಳದಾಗ ಇಂಗಲಿಕ್ಕೆ ಬಿಡದ ಗಟಾರಕ್ಕ ಕಳಸೋದು ಯಾವ ಶ್ಯಾಣ್ಯಾತನ? ಎಲ್ಲಾ ಮನೀ ನೀರು ರಸ್ತಾಕ್ಕ ಬಂದು ನಿಂತಾಗ ಬೈಯೋದು ಮಾತ್ರ ಮುನಸಿಪಾಲ್ಟಿಗೆ. ಮ್ಯಾಲೆ ಆ ಕಲ್ಲು ಏಪ್ರಿಲ್ ತಿಂಗಳದಾಗ ಕಾದು, ರಾತ್ರಿತನಕ ಮನಿಯೊಳಗ ಝಳಾ ಹೊಡೀತದ.

ಈಗ ಆ ಹತ್ತ ಪಾಟಿನ ಮಾತಿಗೆ ಬರ್ತೀನಿ. ಫ್ಲ್ಯಾಟಿನ್ಯಾಗ ಇರೋರಿಗೆ ಪಾಟ ಗತಿ, ಅವರಿಗೆ ನಾ ಏನೂ ಅನ್ನೂದಿಲ್ಲ. ಆದ್ರ ನೆಲಾ ಇದ್ದವರು ನೆಲಾ ಮುಚ್ಚಿ, ನರ್ಸರಿಯಿಂದ ಅರಳಿದ ಗಿಡಾ ತಂದು ಸಾಲಾಗಿ ಇಟ್ಟು "ಗಾರ್ಡನ್" ಅಂತಾರಲ್ಲ, ಅದರ ಬಗ್ಗೆ ನನ್ನ ತಕರಾರು. ಪೆಟೂನಿಯಾ ನಮ್ಮ ಬಿಸಲಿಗೆ ಬ್ಯಾಸಗಿ ಕಾಣೋ ಗಿಡ ಅಲ್ಲ, ಥಂಡಿಯೊಳಗ ಅರಳಿ ಹೋಗೂದು. ಸ್ಯಾವಂತಗಿಗೆ ರಾತ್ರಿ ಉದ್ದ ಆದ್ರ ಮೊಗ್ಗಿ. ಅದಕ್ಕ ದೊಡ್ಡ ನರ್ಸರಿಯವರು ಕರೇ ಬಟ್ಟಿ ಮುಚ್ಚಿ, ದೀಪಾ ಹಚ್ಚಿ, ಬೇಕಾದಾಗ ಅರಳಸ್ತಾರ. ಅದ ಗಿಡ ನಿಮ್ಮ ಮನಿಗೆ ಬಂದು ಒಂದು ಸಲ ಅರಳಿ ಸುಮ್ಮನಾದ್ರ "ನನ್ನ ಕೈಗುಣಾ ಛಲೋ ಇಲ್ಲ" ಅಂತ ಅಳ್ತೀರಿ. ಕೈಗುಣಾ ಛಲೋನ ಅದ ರೀ, ಮಾರಿದವರು ಪೂರ್ತಿ ಹೇಳಿಲ್ಲ ಅಷ್ಟ. ಹೂವು ಮುಗದ ಮ್ಯಾಲೆ ಸ್ಯಾವಂತಗಿ ಕತ್ತರಿಸಿ ಬುಡದಿಂದ ಬಂದ ಮರಿ ಬ್ಯಾರೆ ಮಾಡಿ ಹಚ್ರಿ, ಮುಂದಿನ ವರ್ಷ ಮತ್ತ ಹೂವು. ನಾವು ಏನ ಮಾಡ್ತೀವಿ? ಒಗದು ಇನ್ನೊಂದು ತರ್ತೀವಿ.

ಮತ್ತ "ಆಕ್ಸಿಜನ್ ಗಿಡ" ಅಂತ ಒಂದು ಮಾರ್ತಾರ. ನಾಸಾದವರು ಹೇಳ್ಯಾರ ಅಂತಾರ. 1989ರಾಗ ಅವರು ಪರೀಕ್ಷಾ ಮಾಡಿದ್ದು ಗಾಳಿ ಆಡದ ಮುಚ್ಚಿದ ಪೆಟ್ಟಿಗಿಯೊಳಗ, ಕಿಡಕಿ ಬಾಗಲಾ ಇರೋ ಮನ್ಯಾಗ ಅಲ್ಲ. 2019ರಾಗ ಅಂಥಾ ಪರೀಕ್ಷಾ ಎಲ್ಲಾ ಕೂಡಿಸಿ ಲೆಕ್ಕಾ ಹಾಕಿದವರು, ಕಿಡಕಿ ತಗದಷ್ಟು ಉಪಯೋಗ ಆಗಬೇಕಾದ್ರ ಒಂದು ಚದರ ಮೀಟರಿಗೆ ಕಮ್ಮಿ ಅಂದ್ರೂ ಹತ್ತು, ಹೆಚ್ಚಂದ್ರ ಸಾವಿರ ಗಿಡಾ ಬೇಕು ಅಂದ್ರು. ಅಷ್ಟು ಗಿಡಾ ಇಟ್ಟು ನಾವು ಎಲ್ಲೆ ಮಲಗೋದು? ಕಿಡಕಿ ತಗೀರಿ. ಗಿಡಾ ಚೆಂದ ಅದ ಅಂತ ಇಟ್ಟಕೋರಿ, ಔಷಧ ಅಂತ ಬ್ಯಾಡ.

ನಾ ಏನು ದೊಡ್ಡ ಪಂಡಿತಳಲ್ಲ. ನಮ್ಮದು ಎರಿ ಮಣ್ಣು, ಹಸಿ ಹಿಡದಕೊಂಡು ಕೂಡತದ. ಅದು ತಿಳೀದ ದಿನಾ ಎರಡ್ಹೊತ್ತು ನೀರು ಹಾಕಿ ಮೂರು ಗುಲಾಬಿ ಬೇರು ಕೊಳಸಿ ಕೊಂದೇನಿ. ಆಮ್ಯಾಲೆ ಕೆಂಪ ಮಣ್ಣು, ಉಸುಕು, ತಿಪ್ಪಿಗೊಬ್ಬರ ಕೂಡಿಸಿ ಹಚ್ಚಿದೆ, ಬೆರಳ ಊರಿ ಒಣಗಿದ್ರಷ್ಟ ನೀರು ಹಾಕಿದೆ, ನಾಕನೇದು ಬದುಕಿತು. ಕಸೀ ಕಟ್ಟಿದ ಗಂಟಿನ ಕೆಳಗ ಒಡದ ಚಿಗರು ಕಾಡ ಗುಲಾಬೀದು, ಅದನ್ನ ಮುರೀಬೇಕು ಅನ್ನೋದೂ ಕೆಡಿಸಿಕೊಂಡ ಮ್ಯಾಲೆನ ಕಲತದ್ದು. ಗಿಡಾ ಸತ್ತದ್ದಕ್ಕ ನಾ ಗಿಡಾ ಹಚ್ಚೋದು ಬಿಡಲಿಲ್ಲ. ಅನ್ನಾ ಸೀದತು ಅಂತ ಯಾರರೆ ಒಲಿ ಕಿತ್ತಿ ಒಗೀತಾರೇನು?

ಕಾರಿಗೂ ಜಾಗಾ ಬೇಕು, ನನ್ನ ಮೊಣಕಾಲೂ ಖರೇನ. ಅದಕ್ಕ ಹಿಂಗ ಮಾಡಿದ್ವಿ: ಎರಡು ಗಾಲಿ ಹೋಗೋ ಎರಡು ಪಟ್ಟಿ, ಮತ್ತ ಬಾಗಲತನಕ ಒಂದು ಕಾಲ್ದಾರಿ, ಅಷ್ಟಕ್ಕ ಫರಸಿ. ಉಳದದ್ದೆಲ್ಲಾ ಮಣ್ಣು. ಪೇವರ್ಸಿನಾಂವನ ಮಾರಿ ಸಣ್ಣದಾತು. ನಮ್ಮನಿಯವರು ಎರಡು ದಿನಾ ಮಾತಾಡಲಿಲ್ಲ, ಮೂರನೇ ದಿನಾ ತಾವ ಕಟ್ಟಿಗಿ ಚೂರು ಊರಿ ಗುರ್ತು ಮಾಡಿದ್ರು. ಪಾರಿಜಾತ ಇದ್ದಲ್ಲೇ ಅದ. ಕಾರು ಸ್ವಲ್ಪ ಸೊಟ್ಟ ನಿಲ್ತದ. ನಿಲ್ಲಲಿ, ಅದಕ್ಕೇನು ಬೇರು ಅವ ಏನು?

ನಿಮ್ಮ ಮನ್ಯಾಗೂ ಟೇಪ್ ಹಿಡಕೊಂಡು ಯಾರರೆ ಬಂದ್ರ, ಚಹಾ ಕೊಡ್ರಿ, ಆದ್ರ ಒಂದೆರಡು ಮಾರು ಮಣ್ಣು ಉಳಿಸಿಕೋರಿ. ಹಚ್ಚಲಿಕ್ಕೆ ಗಿಡಾ ಇಲ್ಲಂದ್ರ ಮಳೀಗಾಲದಾಗ ನಮ್ಮನಿಗೆ ಬರ್ರಿ. ದಾಸವಾಳ, ನಂದಬಟ್ಟಲ, ಮಲ್ಲಿಗಿ, ಯಾವದರ ಕಡ್ಡಿ ಬೇಕೋ ಕತ್ತರಿಸಿ ಕೊಡ್ತೀನಿ. ರೊಕ್ಕಾ ಬ್ಯಾಡ. ಅದು ಚಿಗತ ಮ್ಯಾಲೆ ನೀವೂ ಇನ್ನೊಬ್ಬರಿಗೆ ಒಂದು ಕಡ್ಡಿ ಕೊಟ್ರ ಆತು.