ಕೃತ್ತಿಕಾಲೋಕದ ನಾದ

ಕಾರ್ತಿಕ ಮಾಸದ ಮುಸ್ಸಂಜೆಯಲ್ಲಿ ಮೂಡಣ ಬಾನಿನಲ್ಲಿ ಹಿಡಿ ಮಲ್ಲಿಗೆ ಮೊಗ್ಗು ಚೆಲ್ಲಿದಂತೆ ತೋರುವ ತಾರಾಪುಂಜವೇ ಕೃತ್ತಿಕೆ. ಭಾರತೀಯ ಪುರಾಣವು ಅಲ್ಲಿ ಷಣ್ಮುಖನಿಗೆ ಹಾಲೂಡಿದ ಆರು ಮಂದಿ ಮಾತೆಯರನ್ನು ಕಂಡಿತು. ಗ್ರೀಕ್ ಪುರಾಣವು ಅಟ್ಲಾಸನ ಏಳು ಮಂದಿ ಕುವರಿಯರನ್ನು ಕಂಡಿತು. ಅವು ಸುಮಾರು 440 ಜ್ಯೋತಿರ್ವರ್ಷಗಳಾಚೆಯ ಎಳೆಯ ನಕ್ಷತ್ರಗಳೆಂದು ವಿಜ್ಞಾನವು ಹೇಳುತ್ತದೆ. ಕಲ್ಪನೆಗೂ ವಿಜ್ಞಾನಕ್ಕೂ ಸಮನಾಗಿ ಸೇರಿದ ಈ ತಾರೆಗಳು 1997ರಲ್ಲಿ ಸಂಗೀತಕ್ಕೂ ವಸ್ತುವಾದವು.

ಆ ವರ್ಷ ಇಟಲಿಯ ‘ಎಟ್ನಿಕಾ’ ತಂಡದ ಕಲಾವಿದರು ‘ಪ್ಲೀಯೇಡಿಯನ್ಸ್’, ಎಂದರೆ ಕೃತ್ತಿಕಾಲೋಕದ ನಿವಾಸಿಗಳು, ಎಂಬ ಹೆಸರನ್ನು ಧರಿಸಿ ‘ಐ.ಎಫ್.ಒ.’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಗುರುತು ಸಿಕ್ಕ ಹಾರುವ ವಸ್ತು ಎಂಬುದು ಅದರ ಅರ್ಥ. ಗುರುತು ಸಿಗದ ಹಾರುವ ತಟ್ಟೆಗಳ ಕಥೆಗಳಿಗೆ ಇದೊಂದು ವಿನೋದದ ಉತ್ತರ. ಆಲ್ಸಿಯೋನ್, ಮಾಯಾ, ಎಲೆಕ್ಟ್ರಾ ಮೊದಲಾದ ಅಟ್ಲಾಸನ ಕುವರಿಯರ ಹೆಸರುಗಳೇ ಇಲ್ಲಿನ ರಚನೆಗಳ ಹೆಸರುಗಳು.

ಇದರಲ್ಲಿ ಕಥೆ ಹೇಳುವ ಗಾಯಕನಿಲ್ಲ. ನಿಮಿಷಕ್ಕೆ 140ಕ್ಕೂ ಮಿಗಿಲಾದ ಬಡಿತದ ಮೇಲೆ ಸಿಂಥಸೈಸರುಗಳು ಕೆಲವೇ ಸ್ವರಗಳ ಪುಟ್ಟ ಪಂಕ್ತಿಗಳನ್ನು ಹೆಣೆಯುತ್ತವೆ. ಒಂದು ಪಂಕ್ತಿ ನೆಲೆಗೊಳ್ಳುವಷ್ಟರಲ್ಲಿ ಅದರ ಮೇಲೆ ಮತ್ತೊಂದು ಮೂಡುತ್ತದೆ. ಗಮಕಕ್ಕೆ ಒಗ್ಗಿದ ಕಿವಿಗೆ ಇದು ಮೊದಲು ಬರಿಯ ಪುನರಾವರ್ತನೆಯೆನಿಸಬಹುದು. ಆದರೆ ಇಲ್ಲಿ ಬದಲಾಗುವುದು ಸ್ವರಕ್ಕಿಂತ ಹೆಚ್ಚಾಗಿ ಅದರ ಬಣ್ಣ. ಯಂತ್ರದ ಶೋಧಕವನ್ನು ಮೆಲ್ಲನೆ ತೆರೆದಂತೆ ಮಂಕಾಗಿದ್ದ ನಾದವೇ ಹೊಳಪೇರಿ ಮಿನುಗತೊಡಗುತ್ತದೆ. ಕೇಳುವವನಿಗೆ ದೂರದ ಲೋಕವೊಂದು ಸಮೀಪಿಸಿದ ಭಾವ ಹುಟ್ಟುವುದು ಇದರಿಂದಲೇ.

‘ಗೋವಾ ಟ್ರಾನ್ಸ್’ ಎಂಬ ಈ ಪ್ರಕಾರದ ಹೆಸರು ಬಂದದ್ದು ಕನ್ನಡನಾಡಿನ ನೆರೆಯ ಗೋವಾದಿಂದ. 1980ರ ದಶಕದ ಕೊನೆಯಲ್ಲಿಯೂ 1990ರ ದಶಕದ ಆರಂಭದಲ್ಲಿಯೂ ಅಂಜುಣಾ ಕಡಲ ತೀರದ ಇರುಳು ಕೂಟಗಳಲ್ಲಿ ಇದು ರೂಪ ತಳೆಯಿತು. ಅಲ್ಲಿ ‘ಡ್ಯಾಟ್’ ಎಂಬ ಚಿಕ್ಕ ಡಿಜಿಟಲ್ ಟೇಪುಗಳ ಬಳಕೆಯಿತ್ತು. ಅವುಗಳ ವೇಗವನ್ನು ಸುಲಭವಾಗಿ ಹೆಚ್ಚುಕಡಿಮೆ ಮಾಡಲಾಗದ್ದರಿಂದ, ಒಂದು ರಚನೆಗೆ ಇನ್ನೊಂದನ್ನು ಜೋಡಿಸಲು ಬಡಿತವಿಲ್ಲದ ಪೀಠಿಕೆಗಳು ಅನುಕೂಲವಾದವು. ಈ ಸಂಗೀತದ ಗಂಭೀರವಾದ ಆರಂಭಕ್ಕೆ ಇದೂ ಒಂದು ಕಾರಣ.

ಆ ಕೂಟಗಳ ಮೇಲೆ ಮಾದಕ ವಸ್ತುಗಳ ಕರಿನೆರಳು ಬಿದ್ದಿತ್ತೆಂಬುದೂ, ಊರವರ ನಿದ್ದೆ ಕೆಟ್ಟಿತೆಂಬುದೂ ಸುಳ್ಳಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿದ 2000ದ ಶಬ್ದಮಾಲಿನ್ಯ ನಿಯಮಗಳನ್ನು ದಣಿದು ಮಲಗಿದ ಬೆಸ್ತನಾಗಲಿ, ಶಾಲೆಗೆ ಹೋಗುವ ಮಗುವಾಗಲಿ ಸ್ವಾಗತಿಸದೆ ಇದ್ದಾರೆಯೆ?

ಆದರೆ ಕೂಟದ ದೋಷವನ್ನು ನಾದದ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಗನ ಕೋಣೆಯಿಂದ ಈ ಸದ್ದು ಕೇಳಿಬಂದೊಡನೆ ಗದರುವ ಹಿರಿಯರು ಒಂದು ರಚನೆಯನ್ನಾದರೂ ತಗ್ಗಿದ ದನಿಯಲ್ಲಿ ಕೊನೆಯವರೆಗೆ ಕೇಳಲಿ. ನಕ್ಷತ್ರಲೋಕಕ್ಕೆ ಹೊರಟ ಮಗನೂ ಗೋಡೆಯಾಚೆ ನೆರೆಯವರು ಮಲಗಿರುವರೆಂಬುದನ್ನು ಮರೆಯದಿರಲಿ. ಈ ಎರಡು ಸೌಜನ್ಯಗಳು ಕೂಡಿದರೆ ಒಂದೇ ಸೂರಿನಡಿಯಲ್ಲಿ ಷಣ್ಮುಖನ ತಾಯಂದಿರೂ ಅಟ್ಲಾಸನ ಕುವರಿಯರೂ ಜಗಳವಿಲ್ಲದೆ ಬಾಳಬಲ್ಲರು.