ಕಾರ್ಟ್ ಖಾಲಿ ಮಾಡು, ಆಮೇಲೆ ಬಿಲ್ಡ್ ಮಾತಾಡೋಣ

(1/6)
ಹೋದ ವಾರ ನಮ್ಮ ಕ್ಲಾಸಿನವನೊಬ್ಬ ಸ್ಕ್ರೀನ್‌ಶಾಟ್ ಕಳಿಸಿದ್ದ. ಕಾರ್ಟ್‌ನಲ್ಲಿ ಸ್ಕೋಪ್, ಲೇಸರ್, ಬೈಪಾಡ್, ಕ್ಯಾಮೋ ಟೇಪ್, ಜೊತೆಗೆ ಒಂದು ಸೈಲೆನ್ಸರ್. ಕೆಳಗೆ ಮೆಸೇಜ್: "ಕೊಬ್ಬರಿ ದುಡ್ಡು ಬಂದಿದೆ. ಮನೇಲಿರೋ ಏರ್‌ಗನ್‌ನ ಕಸ್ಟಮ್ ಬಿಲ್ಡ್ ಮಾಡ್ತೀನಿ. ಯಾವುದು ಮೊದಲು ತಗೊಳ್ಳಲಿ?"

ಉತ್ತರ ಟೈಪ್ ಮಾಡ್ತಾ ಮಾಡ್ತಾ ಉದ್ದ ಆಯ್ತು. ಬಾಣಾವರದಲ್ಲಿ ಇದೇ ಆಸೆ ಇನ್ನೂ ನಾಲ್ಕೈದು ಜನಕ್ಕೆ ಇದೆ ಅಂತ ಗೊತ್ತು, ಅದಕ್ಕೆ ಇಲ್ಲೇ ಹಾಕ್ತಿದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಆ ಕಾರ್ಟ್‌ನಲ್ಲಿರೋದು ಒಂದೂ ಬೇಡ. ಗನ್‌ಗೆ ಏನು ಸೇರಿಸಿದ್ರಿ ಅನ್ನೋದು ಬಿಲ್ಡ್ ಅಲ್ಲ. ಅದು ನಿಮ್ಮ ಮೈಗೆ ಎಷ್ಟು ಹೊಂದುತ್ತೆ ಅನ್ನೋದೇ ಬಿಲ್ಡ್.

(2/6)
ಮೊದಲು ಬೇಜಾರಿನ ವಿಷ್ಯ. ಅಮೆರಿಕದ ರೀಲ್ಸ್‌ನಲ್ಲಿ ಟೇಬಲ್ ಮೇಲೆ ಬ್ಯಾರೆಲ್, ಟ್ರಿಗರ್ ಎಲ್ಲ ಹರಡಿಕೊಂಡು ಲೆಗೋ ಥರ ಜೋಡಿಸ್ತಾರಲ್ಲ, ಅದನ್ನ ಇಲ್ಲಿ ಕನಸಲ್ಲೂ ಮಾಡ್ಬೇಡಿ. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗ ಕೂಡ ಬಂದೂಕೇ. ಗುಂಡಿನ ಸದ್ದು ಅಡಗಿಸೋ ಸಾಧನವನ್ನೂ ಅದೇ ವ್ಯಾಖ್ಯೆಯೊಳಗೆ ಸೇರಿಸಿದ್ದಾರೆ. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದ್ರೆ, 2019ರ ತಿದ್ದುಪಡಿ ಆದ್ಮೇಲೆ ಕನಿಷ್ಠ 7 ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು. "ಏರ್‌ಗನ್‌ಗೆ ಅಂತ ಮಾರ್ತಿದ್ರು ಸಾರ್" ಅಂತ ಸ್ಟೇಷನ್‌ನಲ್ಲಿ ನಿಂತು ವಿವರಿಸೋ ದಿನ ಯಾಕೆ ಬೇಕು?

"ಕೊಡಗಿನವರಿಗೆ ಲೈಸೆನ್ಸೇ ಬೇಡ್ವಲ್ಲ" ಅಂತ ಯಾರೋ ಕಾಮೆಂಟ್ ಹಾಕೇ ಹಾಕ್ತೀರಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇರೋದು ನಿಜ, 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಅದು ಬಂದೂಕು ಇಟ್ಕೊಳ್ಳೋಕೆ. ಮನೇಲಿ ತಯಾರಿಸೋಕೆ ಅಲ್ಲ.

(3/6)
"ನಂದು ಬರೀ ಏರ್‌ಗನ್ ಗುರು." ಸರಿ. 4.5 ಮಿ.ಮೀ. ಮೀರದ ನಳಿಗೆ, 20 ಜೂಲ್ ಮೀರದ ಶಕ್ತಿ ಇದ್ರೆ ಲೈಸೆನ್ಸ್ ಬೇಡ. ಆದರೆ ದಪ್ಪ ಸ್ಪ್ರಿಂಗ್ ಹಾಕಿಸಿ ಪವರ್ ಏರಿಸಿದ್ರೆ ಆ ಗೆರೆ ದಾಟಿಬಿಡಬಹುದು. ಹೊರಗಿಂದ ನೋಡಿದ್ರೆ ಅದೇ ಗನ್, ಕಾನೂನಿನ ಕಣ್ಣಲ್ಲಿ ಬೇರೆ.

ಇಷ್ಟಕ್ಕೂ ಪವರ್ ಯಾಕೆ? ಒಲಿಂಪಿಕ್ಸ್‌ನಲ್ಲಿ ಹೊಡೆಯೋ ಏರ್ ರೈಫಲ್ ಸುಮಾರು 7.5 ಜೂಲ್ ಅಷ್ಟೇ.

ನನ್ನ ಚಿಕ್ಕಪ್ಪನ ಮಗ ತೋಟದಲ್ಲಿ ಕೋತಿ ಓಡಿಸ್ತೀನಿ ಅಂತ ಹೊಡೆದ. ಪೆಲೆಟ್ ಕಲ್ಲುಕಂಬಕ್ಕೆ ಬಡಿದು ವಾಪಸ್ ಬಂದು ಹುಬ್ಬಿಗೆ ಹೊಕ್ತು. ಒಂದು ಬೆರಳು ಕೆಳಗೆ ಬಂದಿದ್ರೆ ಕಣ್ಣು. ಕೋತಿಗಳು ಮಾರನೇ ದಿನ ಬೆಳಿಗ್ಗೆ ಅದೇ ಮರದ ಎಳನೀರು ಕಿತ್ತು ಹಾಕಿದ್ವು. ನವಿಲಿನ ಕಡೆ ಗುರಿ ಇಡೋರಿಗೆ ಬೇರೆ ಮಾತಿಲ್ಲ. ಅದು ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿರೋ ಹಕ್ಕಿ.

ಇಷ್ಟು ಓದಿದ ಮೇಲೂ ಗುರಿ ಇಡೋ ಆಸೆ ಉಳಿದಿದ್ರೆ, ಆ ಆಸೆಗೊಂದು ಒಳ್ಳೇ ಜಾಗ ಇದೆ. ಮುಂದೆ ಓದಿ.

(4/6)
10 ಮೀಟರ್ ಏರ್ ರೈಫಲ್. ನಿಂತ್ಕೊಂಡು 60 ಗುಂಡು, 75 ನಿಮಿಷ. ಕಪ್ಪು ವೃತ್ತ 30.5 ಮಿ.ಮೀ. ಅಗಲ, ಅದರ ನಡುವಿನ ಹತ್ತರ ಚುಕ್ಕಿ ಬರೀ ಅರ್ಧ ಮಿ.ಮೀ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಇದರಲ್ಲೇ, ಕೊನೇ ಗುಂಡು 10.8.

ಇಲ್ಲಿ ಸ್ಕೋಪ್ ನಿಷಿದ್ಧ. ಲೇಸರ್ ಇಲ್ಲ, ಬೈಪಾಡ್ ಇಲ್ಲ. ರೈಫಲ್ ತೂಕ 5.5 ಕೆ.ಜಿ. ಮೀರಂಗಿಲ್ಲ. ಅಂದ್ರೆ ಆ ಕಾರ್ಟ್‌ನ ಸಾಮಾನೆಲ್ಲ ರೇಂಜ್ ಗೇಟಿನ ಹೊರಗೇ. ಇನ್ನೊಂದು ವಿಷ್ಯ: ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ಅಗ್ಗದ ಸ್ಕೋಪ್ ಹಾಕಿದ್ರೆ ಅದರ ಒಳಗಿನ ಭಾಗಗಳೇ ಸಡಿಲ ಆಗ್ತವೆ. ತೋಟದಲ್ಲೂ ದುಡ್ಡು ದಂಡ.

(5/6)
ಹಾಗಾದ್ರೆ ಏನು ನೋಡ್ಬೇಕು? ನಾನು ಎನ್‌ಸಿಸಿಯಲ್ಲಿ ಶುರು ಮಾಡಿ, ಆಮೇಲೆ ರೇಂಜ್‌ನಲ್ಲಿ ಬೈಸ್ಕೊಂಡು ಕಲಿತ ಕ್ರಮ ಇದು. ಸೇವ್ ಮಾಡ್ಕೊಳ್ಳಿ.

• ಬಟ್ ಉದ್ದ. ಜಾಸ್ತಿ ಆದ್ರೆ ಕುತ್ತಿಗೆ ಮುಂದಕ್ಕೆ ಚಾಚಬೇಕು, ಕಮ್ಮಿ ಆದ್ರೆ ಮುಖ ಸೈಟ್‌ಗೆ ಅಂಟುತ್ತೆ.
• ಕೆನ್ನೆಯ ಹಲಗೆ, ಅಂದ್ರೆ ಚೀಕ್‌ಪೀಸ್. ಕಣ್ಣು ಮುಚ್ಚಿ ಕೆನ್ನೆ ಇಡಿ, ಕಣ್ಣು ಬಿಡಿ. ಮುಂದಿನ ಸೈಟ್ ತಾನಾಗೇ ಪೀಪ್ ನಡುವೆ ಕಂಡ್ರೆ ಎತ್ತರ ಸರಿ. ಕುತ್ತಿಗೆ ಹೊರಳಿಸಬೇಕಾದ್ರೆ ತಪ್ಪು.
• ಟ್ರಿಗರ್ ಜಾಗ. ಬೆರಳಿನ ತುದಿಯ ದಿಂಬು ನೇರ ಹಿಂದಕ್ಕೆ ಎಳೀಬೇಕು, ಪಕ್ಕಕ್ಕಲ್ಲ.
• ಪೆಲೆಟ್. ಚಪ್ಪಟೆ ಮೂತಿಯದು. 4.49, 4.50, 4.51 ಅಂತ ತಲೆಯ ಅಳತೆ ಬೇರೆ ಬೇರೆ ಸಿಗುತ್ತೆ. ಪ್ರತಿ ಬ್ಯಾರೆಲ್‌ಗೂ ಇಷ್ಟ ಆಗೋದು ಬೇರೆ. ಹೊಡೆದು, ಗುಂಪು ನೋಡಿ, ಆರಿಸಿ.
• ಮುಂದಿನ ಸೈಟ್‌ನ ಉಂಗುರ. ಹೊಸಬರು ಸ್ವಲ್ಪ ದೊಡ್ಡದೇ ಹಾಕಿ. ಚಿಕ್ಕದಾದಷ್ಟೂ ಅಲುಗಾಟ ಜಾಸ್ತಿ ಕಂಡು ಗಾಬರಿ ಆಗುತ್ತೆ.
• ಜಾಕೆಟ್. ಅಣ್ಣನದ್ದು ಆಗಲ್ಲ, ನಿಮ್ಮ ಅಳತೆಗೇ ಇರ್ಬೇಕು.
• ಹೆಚ್ಚುವರಿ ತೂಕ, ಬಣ್ಣ, ಸ್ಟಿಕ್ಕರ್. ಕೊನೇಗೆ. ನನ್ನ ಕೇಳಿದ್ರೆ ಬೇಡವೇ ಬೇಡ.

ಗಮನಿಸಿ, ಮೊದಲ ಮೂರಕ್ಕೆ ಹೊಸದೇನೂ ಕೊಳ್ಳಬೇಕಿಲ್ಲ. ಸ್ಪರ್ಧೆಯ ರೈಫಲ್‌ನಲ್ಲಿ ಅವನ್ನ ಸಣ್ಣ ಅಲೆನ್ ಕೀಯಲ್ಲೇ ಹೊಂದಿಸಬಹುದು. ಬೇಕಾಗಿರೋದು ತಾಳ್ಮೆ, ಹಿಂದೆ ನಿಂತು ನೋಡೋ ಒಬ್ಬ ಕೋಚ್.

(6/6)
"ಅಂಥ ರೈಫಲ್‌ಗೆ ಲಕ್ಷದ ಮೇಲಾಗುತ್ತೆ, ನಮ್ಮ ಕೈಲಿ ಆಗುತ್ತಾ?" ನ್ಯಾಯವಾದ ಪ್ರಶ್ನೆ. ಇದು ದುಡ್ಡಿನ ಆಟ ಅನ್ನೋದನ್ನ ನಾನು ಮುಚ್ಚಿಡಲ್ಲ, ನನಗೂ ಅದೇ ಸಿಟ್ಟು. ಆದರೆ ಕಲಿಯೋಕೆ ಸ್ವಂತ ರೈಫಲ್ ಬೇಕಿಲ್ಲ. ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಯಾವುದಾದ್ರೂ ರೇಂಜ್‌ನಲ್ಲಿ ಅವರದೇ ರೈಫಲ್ ಹಿಡಿದು ಒಂದು ದಿನ ನಿಲ್ಲಿ. ಆ ಕಾರ್ಟ್‌ನ ಬಿಲ್‌ನಲ್ಲಿ ಅಂಥ ಎಷ್ಟು ದಿನ ಬರುತ್ತೆ, ನೀವೇ ಲೆಕ್ಕ ಹಾಕಿ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್‌ವಾನ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಪ್ಯಾರಿಸ್ ಕೋಟಾ ತಂದಾಗ ಅವಳಿಗೆ 15 ವರ್ಷ. ನಮಗಿಂತ ಚಿಕ್ಕವಳು.

ಮುಂದಿನ ಸಲ ಬೇಲೂರಿಗೆ ಹೋದಾಗ ಸೆಲ್ಫಿ ಮಧ್ಯೆ ಒಂದು ನಿಮಿಷ ತಲೆ ಎತ್ತಿ ಬಿಲ್ಲು ಹಿಡಿದ ಮದನಿಕೆಯನ್ನ ನೋಡಿ. ಮೈತುಂಬ ಒಡವೆ ಇದೆ, ಬಿಲ್ಲಿನ ಮೇಲಲ್ಲ. ಶಿಲ್ಪಿ ಗುರಿಯನ್ನ ತೋರಿಸಿರೋದು ಅವಳ ನಿಲುವಲ್ಲಿ.

ಅಂದಹಾಗೆ, ಸ್ಕ್ರೀನ್‌ಶಾಟ್ ಕಳಿಸಿದವನು ಸೈಲೆನ್ಸರ್ ತೆಗೆದಿದಾನೆ. ಸ್ಕೋಪ್ ಇನ್ನೂ ಕಾರ್ಟ್‌ನಲ್ಲೇ ಇದೆ. ಭಾನುವಾರ ಅವನನ್ನ ರೇಂಜ್‌ಗೆ ಕರ್ಕೊಂಡು ಹೋಗ್ತಿದೀನಿ. ಬರೋರು ಮೆಸೇಜ್ ಮಾಡಿ, ಮನೇಲಿ ಕೇಳ್ಕೊಂಡು ಬನ್ನಿ.

#ಬಾಣಾವರ #ಅರಸೀಕೆರೆ #ಏರ್‌ರೈಫಲ್ #ಕಾರ್ಟ್‌ಖಾಲಿಮಾಡು